ನೆರೆಯನ್ನು ನೋಡಿ ನಿಲ್ಲುವ ಸಂಖ್ಯೆಗಳು

ಗಣಿತವೆಂಬ ಮಾತು ಕಣ್ಣಿಗೆ ಬಿದ್ದೊಡನೆ ಪುಟ ತಿರುವಿ ಮುಂದೆ ಹೋಗುವ ಓದುಗರು ನಮ್ಮಲ್ಲಿ ಅನೇಕರಿದ್ದಾರೆಂಬುದನ್ನು ನಾನು ಬಲ್ಲೆ. ಪ್ರೌಢಶಾಲೆಯಲ್ಲಿ 32 ವರ್ಷ ಗಣಿತವನ್ನೇ ಬೋಧಿಸಿ ನಿವೃತ್ತನಾದವನಿಗೆ ಅಷ್ಟು ಅನುಭವವಾದರೂ ಇರಬೇಕಷ್ಟೆ. ಆದರೂ ಈ ಸಲ ಒಂದಿಷ್ಟು ತಾಳ್ಮೆಯನ್ನು ಬೇಡುತ್ತೇನೆ. ಈ ಲೇಖನವನ್ನು ಓದಲು ಬೀಜಗಣಿತ ಬೇಕಿಲ್ಲ. ಬಾಲ್ಯದಲ್ಲಿ ಕಂಠಪಾಠ ಮಾಡಿದ ಮಗ್ಗಿಗಳು ನೆನಪಿದ್ದರೆ ಸಾಕು. ಮನೆಯಲ್ಲಿ ನಾಲ್ಕನೆಯದೋ ಐದನೆಯದೋ ತರಗತಿಯ ಮಕ್ಕಳಿದ್ದರೆ ಅವರನ್ನೂ ಹತ್ತಿರ ಕೂರಿಸಿಕೊಳ್ಳಬಹುದು.

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಬಂದಿದ್ದಳು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಬಿಡುವಂತಿಲ್ಲ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯನ್ನು ಚೀಟಿಗಳಾಗಿ ಕತ್ತರಿಸಿ, ಒಂದರಿಂದ ಅರವತ್ತರವರೆಗೆ ಅಂಕೆ ಬರೆದು, ಪಡಸಾಲೆಯ ನೆಲದ ಮೇಲೆ ಒಂದು ಆಟವನ್ನು ಹೂಡಿದೆ. ಆಟದ ನಿಯಮ ಇಷ್ಟೇ. ಮೊದಲು 1, ಅದರ ಪಕ್ಕದಲ್ಲಿ 2. ಅಲ್ಲಿಂದ ಮುಂದೆ, ಕೊನೆಯಲ್ಲಿ ಕುಳಿತ ಸಂಖ್ಯೆಯೊಡನೆ ಯಾವುದಾದರೂ ಒಂದು ಮಗ್ಗಿಯಲ್ಲಿ ಜೊತೆಯಾಗಿ ಬರುವ ಸಂಖ್ಯೆ ಮಾತ್ರ ಪಕ್ಕದಲ್ಲಿ ಕೂರಬಹುದು. ಒಂದರ ಮಗ್ಗಿ ಲೆಕ್ಕಕ್ಕಿಲ್ಲ, ಅದರಲ್ಲಿ ಎಲ್ಲವೂ ಬರುತ್ತವೆ. ಹಾಗೆ ಅರ್ಹವಾದವುಗಳಲ್ಲಿ ಇನ್ನೂ ಕೂರದಿರುವ ಅತ್ಯಂತ ಚಿಕ್ಕ ಸಂಖ್ಯೆಯನ್ನೇ ಕೂರಿಸಬೇಕು. ಒಮ್ಮೆ ಕುಳಿತದ್ದು ಮತ್ತೆ ಬರುವಂತಿಲ್ಲ.

ಎರಡರ ಪಕ್ಕದಲ್ಲಿ 4, ನಾಲ್ಕರ ಪಕ್ಕದಲ್ಲಿ 6. ಆರು ಎರಡರ ಮಗ್ಗಿಯಲ್ಲಿಯೂ ಇದೆ, ಮೂರರ ಮಗ್ಗಿಯಲ್ಲಿಯೂ ಇದೆ. ಆದುದರಿಂದ 3 ಬಂದು ಕೂರುತ್ತದೆ. ಮೂರರ ನಂತರ ಮೂರರ ಮಗ್ಗಿಯೇ ಬರಬೇಕು. 6 ಆಗಲೇ ಕುಳಿತಿದೆ, ಹಾಗಾಗಿ 9. ಆಮೇಲೆ 12, 8, 10, 5, 15, 18, 14, 7, 21, 24, 16, 20, 22, 11, 33, 27, 30, 25, 35, 28, 26, 13, 39, 36, 32, 34, 17, 51 ಹೀಗೆ ಸಾಲು ಬೆಳೆಯುತ್ತ ಹೋಗುತ್ತದೆ.

ಹುಡುಗಿ ಚುರುಕಾಗಿದ್ದಾಳೆ. 14 ಆದ ಮೇಲೆ 7 ಬಂದುದನ್ನು ಕಂಡು ಚಪ್ಪಾಳೆ ತಟ್ಟಿದಳು. ಆದರೆ ಸಾಲು 24, 16, 20 ಎಂದು ಮುಂದುವರಿಯುವಾಗ ಅವಳ ಕೈಯಲ್ಲಿ 11, 13, 17, 19 ಎಂಬ ಚೀಟಿಗಳು ಹಾಗೆಯೇ ಉಳಿದಿದ್ದವು. "ಅಜ್ಜಾ, ಇವಕ್ಕೆ ಯಾರೂ ಜೊತೆ ಇಲ್ಲ. ಇವು ಹೊರಗೇ ಉಳಿದುಬಿಟ್ಟರೆ?" ಎಂದು ಕೇಳಿದಳು. ಸ್ವಲ್ಪ ಹೊತ್ತಿಗೆ 22ರ ಬೆನ್ನಿಗೆ 11 ಬಂತು, 26ರ ಬೆನ್ನಿಗೆ 13 ಬಂತು, 34ರ ಬೆನ್ನಿಗೆ 17 ಬಂತು. ಆದರೂ ಅವಳ ಪ್ರಶ್ನೆ ಹೋಗಲಿಲ್ಲ. "ಇಲ್ಲೀತನಕ ಬಂದಾವು, ಸರಿ. ಮುಂದೆ ಯಾವುದೋ ಒಂದು ದೊಡ್ಡದು ಬರದೇ ಉಳಿದರೆ ನಮಗೆ ಹೇಗೆ ಗೊತ್ತಾಗಬೇಕು?"

ಈ ಪ್ರಶ್ನೆಯನ್ನು ಕೇಳಿದಾಗ ನನಗೆ ಹಳೆಯದೊಂದು ಸಂಗತಿ ನೆನಪಾಯಿತು. ನೌಕರಿಗೆ ಸೇರಿದ ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಇಂಥದೇ ಪ್ರಶ್ನೆ ಕೇಳಿದ್ದಳು: "ಎಲ್ಲ ಸಂಖ್ಯೆಗಳಿಗೂ ಇದು ನಿಜವೆಂದು ಹೇಗೆ ಗೊತ್ತು, ಸರ್?" ಪಾಠ ಮುಗಿಸುವ ಅವಸರದಲ್ಲಿ, "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದುಬಿಟ್ಟೆ. ಅವಳು ಕುಳಿತಳು. ಆ ವರ್ಷ ಮತ್ತೆ ಏನನ್ನೂ ಕೇಳಲಿಲ್ಲ. ಗಣಿತದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಎಂಬುದನ್ನು ಗಣಿತದ ಮೇಷ್ಟ್ರೇ ಮರೆತಿದ್ದರೆ ಯಾರಿಗೆ ಹೇಳುವುದು! ಮೊಮ್ಮಗಳಿಗೂ ಅದೇ ಉತ್ತರವನ್ನು ಕೊಡುವ ಮನಸ್ಸಾಗಲಿಲ್ಲ.

ಈ ಸಾಲು ನನ್ನ ಕಲ್ಪನೆಯದಲ್ಲ. 2001ರಲ್ಲಿ ಜೊನಾಥನ್ ಐರ್ಸ್ ಎಂಬವರು ಇದನ್ನು ರೂಪಿಸಿ, ನೀಲ್ ಸ್ಲೋನ್ ಅವರ ಸಂಖ್ಯಾಶ್ರೇಢಿಗಳ ಕೋಶಕ್ಕೆ ಕಳುಹಿಸಿದರು. ಸ್ಲೋನ್ ಅವರ ಬಗೆಗೆ ಎರಡು ಮಾತು ಹೇಳಲೇಬೇಕು. 1939ರಲ್ಲಿ ವೇಲ್ಸ್ ಪ್ರಾಂತದಲ್ಲಿ ಹುಟ್ಟಿ, ಆಸ್ಟ್ರೇಲಿಯಾದಲ್ಲಿ ಬೆಳೆದು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಗ 1964ರಲ್ಲಿ ಅವರಿಗೆ ಒಂದು ತೊಡಕು ಎದುರಾಯಿತು. 0, 1, 8, 78, 944, 13800 ಎಂಬ ಸಾಲು ಅವರ ಲೆಕ್ಕದಲ್ಲಿ ಬಂತು. ಮುಂದಿನ ಸಂಖ್ಯೆಯನ್ನು ಹೇಳಬಲ್ಲ ಸೂತ್ರ ಬೇಕಾಗಿತ್ತು. ಈ ಸಾಲನ್ನು ಹಿಂದೆ ಯಾರಾದರೂ ಕಂಡಿದ್ದಾರೆಯೇ ಎಂದು ನೋಡಲು ಯಾವ ನಿಘಂಟೂ ಇರಲಿಲ್ಲ. ಪದಗಳಿಗೆ ನಿಘಂಟು ಇರುವಂತೆ ಸಂಖ್ಯೆಗಳ ಸಾಲುಗಳಿಗೂ ಒಂದು ಇರಬಾರದೇಕೆ ಎಂದು, ಕಂಡ ಕಂಡ ಸಾಲುಗಳನ್ನು ಕಾರ್ಡುಗಳ ಮೇಲೆ ಬರೆದಿಡತೊಡಗಿದರು. 1973ರಲ್ಲಿ ಅದು 2372 ಸಾಲುಗಳ ಪುಸ್ತಕವಾಯಿತು. 1995ರಲ್ಲಿ ಸೈಮನ್ ಪ್ಲೂಫ್ ಅವರೊಡನೆ ಸೇರಿ ಹೊರತಂದ ಎರಡನೆಯ ಪುಸ್ತಕದಲ್ಲಿ ಐದು ಸಾವಿರಕ್ಕೂ ಮೀರಿದ ಸಾಲುಗಳಿದ್ದವು. 1996ರಿಂದ ಅದು ಗಣಕಯಂತ್ರದ ಮೂಲಕ ಎಲ್ಲರಿಗೂ ದೊರೆಯುವಂತಾಯಿತು. ಇಂದು ಮೂರೂವರೆ ಲಕ್ಷಕ್ಕೂ ಹೆಚ್ಚು ಸಾಲುಗಳು ಅದರಲ್ಲಿವೆ. ವಿದ್ವಾಂಸರು ಮಾತ್ರವಲ್ಲ, ಲೆಕ್ಕದಲ್ಲಿ ಆಸಕ್ತಿಯುಳ್ಳ ಸಾಮಾನ್ಯರೂ ಅದಕ್ಕೆ ಸಾಲುಗಳನ್ನು ಕಳುಹಿಸುತ್ತಾರೆ. ಒಬ್ಬನ ಕಾರ್ಡಿನ ಪೆಟ್ಟಿಗೆ ಇಷ್ಟು ದೊಡ್ಡ ಕಣಜವಾದುದು ಸಣ್ಣ ಮಾತಲ್ಲ.

ಐರ್ಸ್ ಅವರ ಸಾಲಿಗೆ ಇ.ಕೆ.ಜಿ. ಶ್ರೇಢಿ ಎಂಬ ಹೆಸರು ಬಂತು. ಹೃದಯದ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಪರೀಕ್ಷೆಯನ್ನು ನಾವು ಇ.ಸಿ.ಜಿ. ಎನ್ನುತ್ತೇವೆ, ಜರ್ಮನ್ ಭಾಷೆಯ ಮೂಲದಿಂದ ಅದನ್ನೇ ಇ.ಕೆ.ಜಿ. ಎಂದೂ ಕರೆಯುವುದುಂಟು. ಈ ಸಾಲಿನ ಸಂಖ್ಯೆಗಳನ್ನು ಚೌಕುಳಿ ಕಾಗದದ ಮೇಲೆ ಚುಕ್ಕೆಗಳಾಗಿ ಗುರುತಿಸಿ ಗೆರೆಯಿಂದ ಜೋಡಿಸಿದರೆ, ಗೆರೆ ಸುಮಾರಾಗಿ ಒಂದೇ ಸಮನೆ ಏರುತ್ತ ಹೋಗಿ, ನಡುನಡುವೆ ಥಟ್ಟನೆ ಕೆಳಗಿಳಿದು, ಮರುಕ್ಷಣ ಎತ್ತರಕ್ಕೆ ಚಿಮ್ಮಿ, ಮತ್ತೆ ತನ್ನ ದಾರಿಗೆ ಬರುತ್ತದೆ. ಹೃದ್ರೋಗ ತಜ್ಞರ ಮೇಜಿನ ಮೇಲೆ ಕಾಣುವ ಕಾಗದದಂತೆಯೇ. ಈ ಜಿಗಿತ ಎಲ್ಲಿ ಬರುತ್ತದೆ? ಮೇಲಿನ ಸಾಲನ್ನೇ ನೋಡಿರಿ: 10, 5, 15, 14, 7, 21, 22, 11, 33, 26, 13, 39, 34, 17, 51. ತನ್ನ ಮಗ್ಗಿಯನ್ನೂ ಒಂದರ ಮಗ್ಗಿಯನ್ನೂ ಬಿಟ್ಟರೆ ಬೇರಾವ ಮಗ್ಗಿಯಲ್ಲಿಯೂ ಬಾರದ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತೇವೆ. ಮೊಮ್ಮಗಳ ಕೈಯಲ್ಲಿ ಉಳಿದ ಚೀಟಿಗಳೆಲ್ಲ ಇಂಥವೇ. ಮೂರರಿಂದ ಮೊದಲ್ಗೊಂಡು ಪ್ರತಿಯೊಂದು ಅವಿಭಾಜ್ಯವೂ ತನ್ನ ಎರಡರಷ್ಟನ್ನು ಮುಂದಿಟ್ಟುಕೊಂಡು, ಮೂರರಷ್ಟನ್ನು ಹಿಂದಿಟ್ಟುಕೊಂಡು ಬರುತ್ತದೆ. ಸಾಲಿನಲ್ಲಿ 33ನೆಯ ಸ್ಥಾನದಲ್ಲಿ 17, 34ನೆಯ ಸ್ಥಾನದಲ್ಲಿ 51. ಅದೇ ನಾಡಿಯ ಬಡಿತ.

ಜೆಫ್ರಿ ಲಗಾರಿಯಸ್, ಎರಿಕ್ ರೈನ್ಸ್ ಮತ್ತು ಸ್ಲೋನ್ ಈ ಮೂವರು ಗಣಕಯಂತ್ರದಲ್ಲಿ ಒಂದು ಕೋಟಿ ಪದಗಳವರೆಗೆ ಲೆಕ್ಕ ಹಾಕಿ, 2002ರಲ್ಲಿ ಇದರ ಬಗೆಗೆ ಪ್ರಬಂಧ ಬರೆದರು. ಆದರೆ ಒಂದು ಕೋಟಿಯವರೆಗೆ ಸರಿಹೋಯಿತೆಂಬುದು ಮೊಮ್ಮಗಳ ಪ್ರಶ್ನೆಗೆ ಉತ್ತರವಲ್ಲ. ಒಂದು ಕೋಟಿಯ ಆಚೆ ಏನಾಗುವುದೆಂಬುದೇ ಅವಳ ಪ್ರಶ್ನೆ. ಅಂತ್ಯವಿಲ್ಲದ ಸಾಲಿನ ಮುಂದೆ ಕೋಟಿಯೂ ಒಂದೇ, ಹತ್ತೂ ಒಂದೇ. ಎಲ್ಲ ಸಂಖ್ಯೆಗಳೂ ಈ ಸಾಲಿನಲ್ಲಿ ಬಂದೇ ಬರುತ್ತವೆ, ಒಂದೂ ಹೊರಗುಳಿಯುವುದಿಲ್ಲ ಎಂಬುದನ್ನು ಆ ಮೂವರು ತರ್ಕದಿಂದ ಸಾಧಿಸಿದ್ದಾರೆ. ಅಂಥ ಸಾಧನೆಯನ್ನು ನಾನು ಮೊಮ್ಮಗಳಿಗೆ ಚೀಟಿಗಳಿಂದಲೇ ಹೇಳಿದ ಬಗೆಯನ್ನು ಇಲ್ಲಿ ಬರೆಯುತ್ತೇನೆ. ನಿಧಾನವಾಗಿ ಓದಬೇಕೆಂದು ಕೋರಿಕೆ.

ಸಾಲು ಎಂದೂ ನಿಲ್ಲುವುದಿಲ್ಲ. ಏಕೆಂದರೆ ಕೊನೆಯಲ್ಲಿ ಯಾವ ಸಂಖ್ಯೆ ಕುಳಿತಿದ್ದರೂ ಅದರ ಮಗ್ಗಿಗೆ ಕೊನೆಯಿಲ್ಲ, ಕೂರಲು ಯಾರಾದರೂ ಇದ್ದೇ ಇರುತ್ತಾರೆ. ಇದು ಸುಲಭ.

ಈಗ ಏಳರ ಮಗ್ಗಿಯ ಸಂಖ್ಯೆಗಳು ಈ ಸಾಲಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಬರುತ್ತವೆಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಹಾಗಿದ್ದರೆ ಏಳರ ಮಗ್ಗಿಯ ಯಾವ ಸಂಖ್ಯೆಯೂ ಉಳಿಯುವಂತಿಲ್ಲ. ಉದಾಹರಣೆಗೆ 98 ಬಾರದೆ ಉಳಿಯಿತೆನ್ನಿ. ಏಳರ ಮಗ್ಗಿಯದೊಂದು ಬಂದು ಕುಳಿತಾಗಲೆಲ್ಲ, ಅದರ ಪಕ್ಕದಲ್ಲಿ ಕೂರುವ ಹಕ್ಕು 98ಕ್ಕೂ ಇರುತ್ತದೆ. ಅದನ್ನು ದಾಟಿ ಬೇರೆಯದು ಕುಳಿತಿತೆಂದರೆ ಅದು 98ಕ್ಕಿಂತ ಚಿಕ್ಕದೇ ಆಗಿರಬೇಕು, ಚಿಕ್ಕದಕ್ಕೆ ಮೊದಲ ಪಾಳಿ ತಾನೇ? ಆದರೆ 98ಕ್ಕಿಂತ ಚಿಕ್ಕವು ಇರುವುದೇ 97. ಒಮ್ಮೆ ಕುಳಿತವು ಮತ್ತೆ ಬರುವಂತಿಲ್ಲ. ಹೆಚ್ಚೆಂದರೆ 97 ಸಲ 98ನ್ನು ಹಿಂದಕ್ಕೆ ಹಾಕಬಹುದು. ಅದಾದ ಮೇಲೆ ಅದನ್ನು ತಡೆಯುವವರಿಲ್ಲ.

ಏಳರ ಮಗ್ಗಿ ಪೂರ್ತಿ ಬಂದಿತೆಂದ ಮೇಲೆ ಉಳಿದೆಲ್ಲ ಸಂಖ್ಯೆಗಳೂ ಬಂದಂತೆಯೇ. 17ನ್ನೇ ತೆಗೆದುಕೊಳ್ಳಿರಿ. 17ನ್ನು 7ರಿಂದ ಗುಣಿಸಿದರೆ 119. ಆಮೇಲೆ 238, 357, ಹೀಗೆ ಇವೆಲ್ಲ ಏಳರ ಮಗ್ಗಿಯವೂ ಹೌದು, ಹದಿನೇಳರ ಮಗ್ಗಿಯವೂ ಹೌದು. ಇವೆಲ್ಲ ಸಾಲಿನಲ್ಲಿ ಬರುತ್ತವೆ, ಬಂದಾಗಲೆಲ್ಲ 17ಕ್ಕೆ ಪಕ್ಕದಲ್ಲಿ ಕೂರುವ ಹಕ್ಕು ಇರುತ್ತದೆ. ಅದಕ್ಕಿಂತ ಚಿಕ್ಕವು ಬರಿಯ 16. ಎಷ್ಟು ಕಾಲ ತಡೆದಾವು? ಇಲ್ಲಿ 7ರ ಬದಲು ಬೇರೆ ಯಾವ ಅವಿಭಾಜ್ಯವನ್ನು ಇಟ್ಟರೂ, 17ರ ಬದಲು ಬೇರೆ ಯಾವ ಸಂಖ್ಯೆಯನ್ನು ಇಟ್ಟರೂ ಮಾತು ಬದಲಾಗುವುದಿಲ್ಲ.

ಇಷ್ಟಕ್ಕೆ ಮೊಮ್ಮಗಳು ಬಿಡಬೇಕಲ್ಲ! "ಅಜ್ಜಾ, ನೀವು 'ಇಟ್ಟುಕೊಳ್ಳೋಣ' ಅಂದಿರಿ. ಏಳರ ಮಗ್ಗಿ ಅಷ್ಟು ಸಲ ಬರುತ್ತದೆ ಅಂತ ಯಾರು ಹೇಳಿದರು?" ಎಂದಳು. ನ್ಯಾಯವಾದ ಆಕ್ಷೇಪಣೆ. ಎಲ್ಲ ಮಗ್ಗಿಗಳ ಮಾತು ಬೇಡ, ಯಾವುದಾದರೂ ಒಂದೇ ಒಂದು ಅವಿಭಾಜ್ಯದ ಮಗ್ಗಿ ಲೆಕ್ಕವಿಲ್ಲದಷ್ಟು ಸಲ ಬಂದರೆ ಸಾಕು. ಆದರೆ ಆ ಒಂದನ್ನು ತೋರಿಸಲೇಬೇಕು. ಈ ಕೊನೆಯ ಗಂಟಿನಲ್ಲಿಯೇ ಈ ಆಟದ ಸೊಗಸೆಲ್ಲ ಅಡಗಿದೆ.

ಹೊಸದೊಂದು ಅವಿಭಾಜ್ಯ ಸಾಲಿಗೆ ಮೊದಲ ಸಲ ಕಾಲಿಡುವ ಗಳಿಗೆಯನ್ನು ನೋಡೋಣ. 11ರ ಮಗ್ಗಿಯ ಯಾವ ಸಂಖ್ಯೆಯೂ ಅಲ್ಲಿಯವರೆಗೆ ಬಂದಿರಲಿಲ್ಲ. 20ರ ಪಕ್ಕದಲ್ಲಿ 22 ಬಂದು ಕುಳಿತಿತು. 20ಕ್ಕೂ 22ಕ್ಕೂ ನೆಂಟಸ್ತನ ಎರಡರ ಮಗ್ಗಿಯದು. 22 ಕುಳಿತಿತೆಂದರೆ ಎರಡರ ಮಗ್ಗಿಯಲ್ಲಿ ಅದಕ್ಕಿಂತ ಚಿಕ್ಕವೆಲ್ಲ ಆಗಲೇ ಕುಳಿತುಬಿಟ್ಟಿವೆ ಎಂದರ್ಥ; ಇಲ್ಲದಿದ್ದರೆ ಆ ಚಿಕ್ಕದೇ ಇಲ್ಲಿ ಕೂರಬೇಕಾಗಿತ್ತು. ಬೇಕಾದರೆ ಸಾಲನ್ನು ಹಿಂದಿರುಗಿ ನೋಡಿರಿ, 2ರಿಂದ 20ರವರೆಗಿನ ಸಮಸಂಖ್ಯೆಗಳೆಲ್ಲ ಅಲ್ಲಿವೆ. ಈಗ 22ರ ಪಕ್ಕದಲ್ಲಿ ಎರಡರ ಮಗ್ಗಿಯದಾದರೆ 24ರ ಈಚಿನದು ಯಾವುದೂ ಬಾರದು. ಹನ್ನೊಂದರ ಮಗ್ಗಿಯ ಮೊದಲನೆಯದಾದ 11 ಮಾತ್ರ ಖಾಲಿಯಿದೆ, ಅದು ಚಿಕ್ಕದು. ಆದುದರಿಂದ 11 ಬಂದು ಕುಳಿತಿತು.

ಇದು 11ರ ಕತೆ ಮಾತ್ರವಲ್ಲ, ಪ್ರತಿಯೊಂದು ಹೊಸ ಅವಿಭಾಜ್ಯದ ಕತೆ. ಅದು ಮೊದಲ ಸಲ ಬರುವಾಗ ಒಂಟಿಯಾಗಿ ಬರಲಾರದು. ಹಿಂದಿನ ಸಂಖ್ಯೆಯಲ್ಲಿ ಅಡಗಿರುವ ಒಂದು ಹಳೆಯ ಅವಿಭಾಜ್ಯದ ಕೈಹಿಡಿದು, ಅದರೊಡನೆ ಗುಣಿತವಾಗಿಯೇ ಬರಬೇಕು. ಒಂದೇ ಒಂದರ ಕೈ, ಹೆಚ್ಚಿಗೆ ಇಲ್ಲ. ಏಕೆಂದರೆ ಇಬ್ಬರೇ ಇರುವ ಚಿಕ್ಕ ಗುಣಲಬ್ಧ ಇನ್ನೂ ಖಾಲಿಯಿರುವಾಗ ದೊಡ್ಡದಕ್ಕೆ ಪಾಳಿ ಬಾರದು. ಹಾಗೆ ಬಂದಾಗ ಆ ಹಳೆಯದರ ಮಗ್ಗಿಯಲ್ಲಿ ಚಿಕ್ಕವೆಲ್ಲ ಮುಗಿದಿರುತ್ತವೆ. ಆದುದರಿಂದ ಮುಂದಿನ ಪಾಳಿ ಹೊಸ ಅವಿಭಾಜ್ಯಕ್ಕೇ ಸಲ್ಲುತ್ತದೆ. ಅದು ಕುಳಿತ ಮೇಲೆ? ಅವಿಭಾಜ್ಯಕ್ಕೆ ತನ್ನ ಮಗ್ಗಿಯ ಹೊರತು ಬೇರೆ ನೆಂಟರಿಲ್ಲ. ಕರೆತಂದದ್ದು 2 ಆಗಿದ್ದರೆ ಅದರ ಎರಡರಷ್ಟು ಆಗಲೇ ಕುಳಿತಿದೆ. ಕರೆತಂದದ್ದು 3 ಅಥವಾ 5 ಅಥವಾ ಬೇರೆ ಯಾವುದೋ ಆಗಿದ್ದರೆ, ಎರಡರಷ್ಟು ಖಾಲಿಯಿದೆ, ಈಗ ಅದೇ ಬಂದು ಕೂರುತ್ತದೆ. ಹೇಗೆ ನೋಡಿದರೂ ಪ್ರತಿಯೊಂದು ಹೊಸ ಅವಿಭಾಜ್ಯವೂ ತನ್ನ ಜೊತೆಗೆ ಒಂದು ಸಮಸಂಖ್ಯೆಯನ್ನು ಸಾಲಿಗೆ ತಂದೇ ತರುತ್ತದೆ.

ಈಗ ಎರಡೇ ದಾರಿಗಳು ಉಳಿದವು. ಹೊಸ ಅವಿಭಾಜ್ಯಗಳು ಲೆಕ್ಕವಿಲ್ಲದಷ್ಟು ಬರುತ್ತಿದ್ದರೆ, ಅವುಗಳ ಜೊತೆಗೆ ಲೆಕ್ಕವಿಲ್ಲದಷ್ಟು ಸಮಸಂಖ್ಯೆಗಳೂ ಬಂದವು. ಅಂದರೆ ಎರಡರ ಮಗ್ಗಿ ನಮಗೆ ಬೇಕಾದ ಆ ಒಂದು ಮಗ್ಗಿಯಾಯಿತು. ಹಾಗಲ್ಲದೆ ಕೆಲವೇ ಅವಿಭಾಜ್ಯಗಳು ಬಂದು ಬರವು ನಿಂತುಹೋಯಿತೆಂದರೆ, ಕೊನೆಯಿಲ್ಲದ ಸಾಲೆಲ್ಲ ಆ ಕೆಲವರ ಮಗ್ಗಿಗಳಿಂದಲೇ ತುಂಬಬೇಕು. ಆಗ ಆ ಕೆಲವರಲ್ಲಿ ಒಂದರ ಮಗ್ಗಿಯಾದರೂ ಲೆಕ್ಕವಿಲ್ಲದಷ್ಟು ಸಲ ಬಂದೇ ಬರಬೇಕು. ಎರಡು ದಾರಿಯಲ್ಲಿಯೂ ಒಂದು ಮಗ್ಗಿ ಸಿಕ್ಕಿತು. ಒಂದು ಮಗ್ಗಿ ಸಿಕ್ಕರೆ ಆ ಮಗ್ಗಿಯೆಲ್ಲ ಬಂತು. ಆ ಮಗ್ಗಿಯೆಲ್ಲ ಬಂದರೆ ಸಕಲ ಸಂಖ್ಯೆಗಳೂ ಬಂದವು. ಯಾವ ಗಣಕಯಂತ್ರವೂ ತಲುಪದ ಸಂಖ್ಯೆಗಳಿಗೂ ಈ ಸಾಲಿನಲ್ಲಿ ಜಾಗವಿದೆ.

ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ 19ರ ಚೀಟಿಯನ್ನು ನೆಲದ ಮೇಲೆ ಇಟ್ಟು, "ಹಂಗಾದರೆ ಇದನ್ನು ಕೈಯಾಗ ಹಿಡಕೊಂಡು ಕಾಯೋದು ಬೇಕಿಲ್ಲ" ಎಂದಳು. ಅಡುಗೆಮನೆಯಿಂದ ನಮ್ಮ ಮಾತು ಕೇಳುತ್ತಿದ್ದ ಸೊಸೆ, "ಮಾವನವರೇ, ಚಿಕ್ಕವರಿಗೆ ಮೊದಲ ಪಾಳಿ ಎಂಬ ನಿಯಮವನ್ನು ಊಟದ ಪಂಕ್ತಿಯಲ್ಲಿಯೂ ಪಾಲಿಸಬಹುದಲ್ಲ, ಚಹಾ ಆಮೇಲೆ" ಎಂದು ಮಗಳ ಕೈಗೆ ಮೊದಲು ಅವಲಕ್ಕಿಯ ತಟ್ಟೆಯನ್ನಿತ್ತಳು.

ಹಾಗೆಂದು ಈ ಸಾಲಿನ ಗುಟ್ಟೆಲ್ಲ ಅಷ್ಟಕ್ಕೇ ಬಯಲಾಯಿತೆಂದು ತಿಳಿಯಬಾರದು. ಹೊಸ ಅವಿಭಾಜ್ಯವನ್ನು ಯಾವುದೋ ಒಂದು ಹಳೆಯ ಅವಿಭಾಜ್ಯ ಕರೆತರುತ್ತದೆಂದು ಮೇಲೆ ಕಂಡೆವಷ್ಟೆ. ಆದರೆ ನೋಡಿದಷ್ಟು ದೂರವೂ ಕರೆತರುವುದು ಯಾವಾಗಲೂ 2 ಮಾತ್ರ. 3 ಆಗಲಿ 5 ಆಗಲಿ ಕರೆತಂದ ಉದಾಹರಣೆಯಿಲ್ಲ. ಇದು ಎಂದೆಂದಿಗೂ ಹೀಗೆಯೇ ಎಂದು 2002ರ ಪ್ರಬಂಧ ಊಹಿಸಿತ್ತು, ಸಾಧಿಸಿರಲಿಲ್ಲ. ಆರು ವರ್ಷಗಳ ನಂತರ, 2008ರಲ್ಲಿ, ಪೋಲೆಂಡಿನ ಪಿಯೋತ್ರ್ ಹೋಫ್‌ಮನ್ ಮತ್ತು ಮಾರ್ಚಿನ್ ಪಿಲಿಪ್‌ಚುಕ್ ಎಂಬ ಇಬ್ಬರು ಅದನ್ನು ಸಾಧಿಸಿದರು. ಆ ಸಾಧನೆಯನ್ನು ಚೀಟಿಗಳಿಂದ ಹೇಳುವ ಶಕ್ತಿ ನನಗಿಲ್ಲ.

ಇಂಥ ಆಟಗಳ ಒಂದು ಗುಣವೇ ಇದು. ನಿಯಮದಲ್ಲಿ ಒಂದೆರಡು ಮಾತು ಬದಲಿಸಿದರೆ ಆಟವೇ ಬೇರೆಯಾಗುತ್ತದೆ. ಪಕ್ಕದವನೊಡನೆ ನೆಂಟಸ್ತನವಿರಬಾರದು, ಅವನಾಚೆಯವನೊಡನೆ ಇರಬೇಕು ಎಂದು ನಿಯಮವನ್ನು ತಿರುಗಿಸಿ, 1, 2, 3ರಿಂದ ಪ್ರಾರಂಭಿಸಿದರೆ 4, 9, 8, 15, 14, 5, 6, 25, 12, 35, 16, 7, 10, 21 ಎಂಬ ಸಾಲು ಹುಟ್ಟುತ್ತದೆ. ರೈನ್‌ಹಾರ್ಡ್ ಜುಮ್‌ಕೆಲ್ಲರ್ 2004ರಲ್ಲಿ ಕೋಶಕ್ಕೆ ಸೇರಿಸಿದ ಇದಕ್ಕೆ ಯೆಲ್ಲೊಸ್ಟೋನ್ ಎಂದು ಹೆಸರು. ಅಮೆರಿಕದ ಆ ರಾಷ್ಟ್ರೀಯ ಉದ್ಯಾನದಲ್ಲಿ ನೆಲದೊಳಗಿನಿಂದ ಬಿಸಿನೀರು ಆಗಾಗ ಆಕಾಶಕ್ಕೆ ಚಿಮ್ಮುವ ಬುಗ್ಗೆಗಳಿವೆ; ಸಾಲಿನ ಚಿತ್ರವೂ ಹಾಗೆಯೇ ಚಿಮ್ಮುತ್ತದೆ. ಇಲ್ಲಿಯೂ ಯಾವ ಸಂಖ್ಯೆಯೂ ಹೊರಗುಳಿಯುವುದಿಲ್ಲವೆಂದು ಜುಮ್‌ಕೆಲ್ಲರ್, ಸ್ಲೋನ್ ಮೊದಲಾದ ಆರು ಮಂದಿ 2015ರಲ್ಲಿ ಸಾಧಿಸಿ ತೋರಿಸಿದರು.

ಮತ್ತೆ ಅದನ್ನೂ ತಲೆಕೆಳಗು ಮಾಡಿದರು! ಪಕ್ಕದವನೊಡನೆ ನೆಂಟಸ್ತನ ಬೇಕು, ಅವನಾಚೆಯವನೊಡನೆ ಕೂಡದು. ಆದರೆ ಇಲ್ಲೊಂದು ಅಪಾಯವಿದೆ. 2ರ ನಂತರ 4 ಕುಳಿತಿತೆನ್ನಿ. ಮುಂದಿನದಕ್ಕೆ 4ರೊಡನೆ ನೆಂಟಸ್ತನ ಬೇಕು, 2ರೊಡನೆ ಕೂಡದು. ಅಂಥ ಸಂಖ್ಯೆಯೇ ಇಲ್ಲ, ಆಟ ಅಲ್ಲಿಗೇ ಮುಗಿಯಿತು. ಆದುದರಿಂದ, ಬರುವ ಪ್ರತಿಯೊಂದು ಸಂಖ್ಯೆಯೂ ಪಕ್ಕದವನಲ್ಲಿ ಇಲ್ಲದ ಒಂದು ಅವಿಭಾಜ್ಯವನ್ನಾದರೂ ಹೊಂದಿರಬೇಕೆಂಬ ಇನ್ನೊಂದು ಷರತ್ತನ್ನು ಸೇರಿಸಿದರು. 2020ರಲ್ಲಿ ಸ್ಕಾಟ್ ಶಾನನ್ ಮತ್ತು ಸ್ಲೋನ್ ಕೋಶಕ್ಕೆ ಸೇರಿಸಿದ ಈ ಸಾಲಿಗೆ, ಯೆಲ್ಲೊಸ್ಟೋನ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿ, ಎನಾಟ್ಸ್ ವಾಲಿ ಎಂದು ಹೆಸರಿಟ್ಟರು. ವಿದ್ವಾಂಸರಿಗೂ ಚೇಷ್ಟೆ ಬೇಕಲ್ಲ.

ಈ ಸಾಲಿನಲ್ಲಿ 2ನ್ನು ಬಿಟ್ಟರೆ ಅವಿಭಾಜ್ಯಗಳಿಗೆ ಪ್ರವೇಶವೇ ಇಲ್ಲ. 3, 5, 7 ಬರುವುದಿಲ್ಲ. ಒಂದೇ ಅವಿಭಾಜ್ಯದಿಂದಾದ 4, 8, 9, 25 ಇವೂ ಬರುವುದಿಲ್ಲ. ಕಾರಣ ಮೇಲಿನ ಷರತ್ತಿನಲ್ಲಿಯೇ ಇದೆ: ಪಕ್ಕದವನೊಡನೆ ಹಂಚಿಕೊಳ್ಳಲು ಒಂದು, ಪಕ್ಕದವನಲ್ಲಿ ಇಲ್ಲದ್ದು ಇನ್ನೊಂದು, ಹೀಗೆ ಕಡೆಯ ಪಕ್ಷ ಎರಡು ಬೇರೆ ಬೇರೆ ಅವಿಭಾಜ್ಯಗಳು ಬೇಕೇ ಬೇಕು. ಅಂಥ ಎರಡನ್ನು ಉಳ್ಳ ಸಂಖ್ಯೆಗಳೆಲ್ಲ ಈ ಸಾಲಿನಲ್ಲಿ ಬರುತ್ತವೆಂಬುದನ್ನು ಅವರು ಊಹೆಯೆಂದೇ ಮುಂದಿಟ್ಟಿದ್ದಾರೆ. ನಮ್ಮ ಮೊದಲಿನ ತರ್ಕವನ್ನು ಇಲ್ಲಿ ಹೂಡಲು ಹೋದರೆ ನಡುದಾರಿಯಲ್ಲಿಯೇ ಮುಗ್ಗರಿಸುತ್ತದೆ. ಒಂದು ಸಂಖ್ಯೆಗೆ ಪಕ್ಕದವನೊಡನೆ ನೆಂಟಸ್ತನವಿದ್ದರೂ, ಅದರಾಚೆಯವನು ಪ್ರತಿ ಸಲವೂ ಅದಕ್ಕೆ ಅಡ್ಡಬರಬಹುದು. ಹಾಗೆ ಅಡ್ಡಬರುವುದನ್ನು ತಡೆಯುವ ನಿಯಮ ಇಲ್ಲಿಲ್ಲ. ಮೊದಲ ಆಟದಲ್ಲಿ ಮಗುವಿಗೂ ಹೇಳಬಹುದಾಗಿದ್ದ ಉತ್ತರ, ಇಲ್ಲಿ ಪಂಡಿತರ ಕೈಗೂ ಸುಲಭವಾಗಿ ಸಿಗುವಂಥದಲ್ಲ.

ರಜೆ ಮುಗಿದು ಊರಿಗೆ ಹೊರಡುವ ದಿನ ಮೊಮ್ಮಗಳು ಚೀಟಿಗಳ ಕಟ್ಟನ್ನು ಒಯ್ದಿದ್ದಾಳೆ. ಅರವತ್ತು ಸಾಲದೆಂದು ಹಿಂದಿನ ರಾತ್ರಿ ಇನ್ನೊಂದು ಲಗ್ನಪತ್ರಿಕೆಯನ್ನು ಕತ್ತರಿಸಿಕೊಂಡಿದ್ದಳು. ಬಸ್ಸಿನಲ್ಲಿ ಕುಳಿತು ಮೂರನೆಯ ಆಟವನ್ನು ಆಡುತ್ತಾಳಂತೆ. ಓದುಗರೂ ಪ್ರಯತ್ನಿಸಬಹುದು. ಪ್ರಾರಂಭ ಹೀಗಿದೆ: 1, 2, 6, 15, 35, 14, 12, 33, 55, 10, 18, 21. ಇದರ ಮುಂದೆ ಕೂರುವುದು 77, ಅದಾದ ಮೇಲೆ 22. ಅಲ್ಲಿಂದಾಚೆಗೆ ಚೀಟಿಗಳು ನಿಮ್ಮವು.